ಎಂಟು ಬಂದರಿನ ಹಡಗು

ನಿವೃತ್ತ ತಹಸೀಲ್ದಾರ್ ತಮ್ಮಣ್ಣಯ್ಯನವರು ಮೈಸೂರಿನ ಒಂದು ಪ್ರವಾಸದ ಆಫೀಸಿಗೆ ಬಂದವರೇ ಮೇಜು ಕುಟ್ಟಿದರು. ಹಿಂದೆ ಅವರು ಅಧ್ಯಕ್ಷರಾಗಿದ್ದ ಹಿರಿಯರ ಸಂಘದ ಹನ್ನೊಂದು ಜನ. ಅವರ ಇಪ್ಪತ್ತೆರಡು ಮಂಡಿಯೂ ನೋಯುವಂಥವೇ.

"ಐದು ದಿನಕ್ಕೆ ಎಂಟು ಬಂದರು ತೋರಿಸೋ ಹಡಗು ಬೇಕು. ಒಂದೂ ಕಮ್ಮಿಯಾಗಕೂಡದು!"

ಉಳಿದವರಿಗೆ ಸುಮ್ಮನೆ ಸಮುದ್ರ ನೋಡುತ್ತಾ ಕೂತಿರುವ ಆಸೆ. ಅಧ್ಯಕ್ಷರ ಮುಂದೆ ಬಾಯಿ ಬಿಡುವ ಧೈರ್ಯ ಮಾತ್ರ ಇಲ್ಲ. ಗುಮಾಸ್ತೆ ದಾಕ್ಷಾಯಿಣಿಗೆ ಅವರ ಮುಖ ನೋಡಿಯೇ ಅರ್ಥವಾಯಿತು.

"ಆಗಲಿ ಸಾರ್. ಬಂದರಿಗೊಂದು ಅರ್ಜಿ. ಇಲ್ಲಿ ತುಂಬಿ, ಮಹಡಿ ಮೇಲೆ ಸೀಲು ಹಾಕಿಸ್ಕೊಂಡು ಬನ್ನಿ. ಆಮೇಲೆ ಮುಂದಿನ ಅರ್ಜಿ ಕೊಡ್ತೀನಿ."

ತಮ್ಮಣ್ಣಯ್ಯನವರಿಗೆ ಈ ಪದ್ಧತಿ ಬಹಳ ಹಿಡಿಸಿತು. ಮೂವತ್ತು ವರ್ಷ ಜನರನ್ನು ಹೀಗೇ ಹತ್ತಿಸಿ ಇಳಿಸಿದವರಲ್ಲವೇ! ಮೊದಲ ಅರ್ಜಿ ಹಿಡಿದು ಮೀಸೆ ತಿರುವುತ್ತಾ ಹತ್ತಿದರು. ಎರಡನೆಯದಕ್ಕೆ ಕಂಬಿ ಹಿಡಿದರು. ಮೂರನೆಯದಕ್ಕೆ ನಡುಮೆಟ್ಟಿಲಲ್ಲೇ ಕೂತುಬಿಟ್ಟರು.

ದಾಕ್ಷಾಯಿಣಿ ನೀರು ತಂದುಕೊಟ್ಟಳು. "ಇನ್ನೂ ಐದು ಇವೆ ಸಾರ್. ಹಡಗಿನಲ್ಲೂ ಹೀಗೇ. ಬಂದರು ಬಂದಾಗಲೆಲ್ಲ ಮೆಟ್ಟಿಲು ಇಳೀಬೇಕು, ಹತ್ತಬೇಕು."

ತಮ್ಮಣ್ಣಯ್ಯನವರು ನೀರು ಕುಡಿದು, ದನಿ ತಗ್ಗಿಸಿ ಕೇಳಿದರು: "ಎಲ್ಲೂ ನಿಲ್ಲದ ಹಡಗು ಇದೆಯೇನಮ್ಮ?"

"ಇದೆ ಸಾರ್. ಅದಕ್ಕೆ ಒಂದೇ ಅರ್ಜಿ."

"ಮತ್ತೆ ಸೀಲು?"

ದಾಕ್ಷಾಯಿಣಿ ಕೆಳಗಿಳಿದು ತನ್ನ ಮೇಜಿನ ಡ್ರಾಯರ್ ಎಳೆದು ಇನ್ನೊಂದು ಸೀಲು ತೆಗೆದು, ಅರ್ಜಿಯ ಮೇಲೆ ಅಲ್ಲೇ ಒತ್ತಿದಳು.

ಹನ್ನೊಂದು ಜನರೂ ನಗು ತಡೆದುಕೊಂಡರು. ತಮ್ಮಣ್ಣಯ್ಯನವರು ಅವಳನ್ನೇ ದಿಟ್ಟಿಸಿದರು. "ಈ ವಿದ್ಯೆ ಯಾರು ಕಲಿಸಿದ್ದಮ್ಮ?"

"ನೀವೇ ಸಾರ್. ನಿಮ್ಮ ಕಚೇರಿ ಮೆಟ್ಟಿಲು ಹತ್ತಿಳಿದವರಲ್ಲಿ ನಮ್ಮಪ್ಪನೂ ಒಬ್ಬರು."