ಏಕಾದಶಿಯಂದು ಬಿಟ್ಟ ಮಾತ್ರೆ

“ಗುರುಗಳೇ, ಅಪಸ್ಮಾರಕ್ಕೆ ಕೊಡುವುದು ಔಷಧವೆಂದು ಒಪ್ಪುತ್ತೇನೆ. ಖಿನ್ನತೆಗೆ ಕೊಡುವುದೂ ಔಷಧವೇ?” ಎಂದು ಶಿಷ್ಯ ಕೇಳಿದ. ಕೆಲವು ವಾರಗಳಿಂದ ಅವನು ಪಾಠಕ್ಕೆ ತಡವಾಗಿ ಬರುತ್ತಿದ್ದ. ಊಟದ ಎಲೆಯ ಮುಂದೆ ಸುಮ್ಮನೆ ಕುಳಿತು ಎದ್ದುಹೋಗುತ್ತಿದ್ದ.

ಗುರುಗಳು ಹೇಳಿದರು:

ದೇವಾಲಯಕ್ಕೆ ಮಾಲೆ ಕಟ್ಟಿಕೊಡುವ ಒಬ್ಬ ಹೆಂಗಸಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯಳಿಗೆ ಅಪಸ್ಮಾರವಿತ್ತು. ಕಿರಿಯಳಿಗೆ ಯಾವುದೂ ಬೇಡವಾಗಿತ್ತು. ಕಟ್ಟಬೇಕಾದ ಹೂವು ಅವಳ ಮಡಿಲಲ್ಲೇ ಬಾಡುತ್ತಿತ್ತು. ವೈದ್ಯರು ಇಬ್ಬರಿಗೂ ಒಂದೊಂದು ಮಾತ್ರೆ ಕೊಟ್ಟು, ತಮ್ಮನ್ನು ಕೇಳದೆ ನಿಲ್ಲಿಸಬಾರದೆಂದರು. ಹಿರಿಯಳು ಬೀಳುವುದು ನಿಂತಿತು. ಎರಡು ತಿಂಗಳಾಗುವಷ್ಟರಲ್ಲಿ ಕಿರಿಯಳ ಕೈಯೂ ದಾರ ಹಿಡಿಯಿತು.

ಆಷಾಢದ ಪ್ರಥಮ ಏಕಾದಶಿಯಂದು ಆ ಮನೆಯವರು ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ತಾಯಿ ಅಂದು ಇಬ್ಬರಿಗೂ ಮಾತ್ರೆ ಕೊಡಲಿಲ್ಲ. ಸಂಜೆಯೊಳಗೆ ಹಿರಿಯಳು ಬಿದ್ದಳು. ಒರಳುಕಲ್ಲು ತಗುಲಿ ಹಣೆ ಒಡೆಯಿತು. ಕಿರಿಯಳಿಗೆ ಏನೂ ಆಗಲಿಲ್ಲ. ಅಕ್ಕನ ಗಾಯಕ್ಕೆ ಬಟ್ಟೆ ಕಟ್ಟಿದವಳು ಅವಳೇ.

ಮರುದಿನ ಪಾರಣೆಯ ಹೊತ್ತಿಗೆ ತಾಯಿ ಒಂದೇ ಮಾತ್ರೆ ತಂದಳು.

“ನನ್ನದು, ಅಮ್ಮ?” ಎಂದಳು ಕಿರಿಯಳು.

“ನಿನ್ನದು ಬಿಟ್ಟರೆ ಏನಾಗುತ್ತದೆಂದು ನಿನ್ನೆಯೇ ನೋಡಿದೆನಲ್ಲ! ಗುಂಡುಕಲ್ಲಿನ ಹಾಗಿದ್ದೀಯಲ್ಲೇ. ನಿನಗೆ ಬೇಕಾದದ್ದು ಮಾತ್ರೆಯಲ್ಲ, ಮನೋಧೈರ್ಯ.”

“ಇರಬಹುದು” ಎಂದಳು ಕಿರಿಯಳು. ತೋರಿಸಲು ಅವಳಲ್ಲಿ ಗಾಯವಿರಲಿಲ್ಲ.

ಶ್ರಾವಣದಲ್ಲಿ ಹೂವು ಮತ್ತೆ ಮಡಿಲಲ್ಲಿ ಬಾಡತೊಡಗಿತು. ತಾಯಿ ಅದನ್ನು ಸೋಮಾರಿತನವೆಂದಳು. ಭಾದ್ರಪದದ ಒಂದು ಬೆಳಗ್ಗೆ, ಮಾಲೆ ಕೊಡಲು ದೇವಾಲಯಕ್ಕೆ ಹೋದ ಹಿರಿಯಳು ತಂಗಿಯನ್ನು ಪುಷ್ಕರಣಿಯ ಕೆಳಮೆಟ್ಟಿಲಲ್ಲಿ ಕಂಡಳು. ನೀರು ಎದೆಯವರೆಗೆ ಬಂದಿತ್ತು. ಅಕ್ಕ ಮಾಲೆಯ ಬುಟ್ಟಿಯನ್ನು ಅಲ್ಲೇ ಬಿಟ್ಟು, ಇಳಿದುಹೋಗಿ, ಕೈ ಹಿಡಿದು ಮೇಲೆ ಕರೆತಂದಳು. ಒದ್ದೆ ಬಟ್ಟೆಯಲ್ಲಿ ಬಂದ ಇಬ್ಬರನ್ನೂ ಕಂಡ ತಾಯಿ ಅಂದೇ ಕಿರಿಯಳೊಡನೆ ವೈದ್ಯರ ಬಾಗಿಲಿಗೆ ಹೋದಳು.

ಮುಂದಿನ ವರ್ಷದ ಪ್ರಥಮ ಏಕಾದಶಿಯಂದು ಆ ಮನೆಯಲ್ಲಿ ಇಬ್ಬರು ನೀರು ಕುಡಿದರು.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯ ತಲೆಯೆತ್ತದೆ ಕೇಳಿದ: “ಹಾಗಾದರೆ ಆ ಎರಡು ಮಾತ್ರೆಗಳಲ್ಲಿ ಯಾವುದು ಹೆಚ್ಚಿನದು?”

“ನೀನು ನಿನ್ನದನ್ನು ಬಿಟ್ಟು ಎಷ್ಟು ದಿನವಾಯಿತು, ಮಗು?” ಎಂದರು ಗುರುಗಳು.