ಪಂಕ್ತಿಯ ನಗು

ನಗಲಿಲ್ಲವೆಂದು ಹಂಪವ್ವನನ್ನು ಕೆಲಸದಿಂದ ತೆಗೆದರು. ತೆಗೆದವನು ಶಿಷ್ಯ ಮರುಳಯ್ಯ. ಅದು ಅನ್ಯಾಯ.

ನದಿಯ ದಡದಲ್ಲಿ ಗುರುವಿನ ಆಶ್ರಮ. ಬಂದವರಿಗೆಲ್ಲ ಊಟ. ಬಡಿಸಲು ಕೂಲಿಯ ಹೆಂಗಸರು. ಎಲೆ ಎಲೆಗೂ ನಿಂತು, ನಗುತ್ತ "ಇನ್ನೊಂದು ತುತ್ತು ಉಣ್ಣಿ" ಎನ್ನಬೇಕೆಂದು ಮರುಳಯ್ಯನೇ ಕಟ್ಟಳೆ ಮಾಡಿದ್ದ. ನಗುವೂ ಪ್ರಸಾದವೇ ಎಂಬುದು ಅವನ ಮಾತು.

ಆ ದಿನ ಒಬ್ಬ ಭಕ್ತ ದೂರಿದ: "ಇವಳ ಮುಖ ನೋಡಿದರೆ ಸಾವಿನ ಮನೆಗೆ ಉಣ್ಣಲು ಬಂದ ಹಾಗಿದೆ."

"ನಾಳೆಯಿಂದ ಬರಬೇಡ," ಎಂದ ಮರುಳಯ್ಯ.

ಹಂಪವ್ವ ಸೌಟು ಕೆಳಗಿಟ್ಟು ನೇರ ಗುರುವಿನ ಬಳಿಗೆ ಹೋದಳು.

"ಬಡಿಸೋ ಕೆಲಸ ಅಂತ ಬಂದೆ ಅಜ್ಜಾರ. ನಗೋ ಮಾರಿನೂ ಕೊಡಬೇಕಂತ ಯಾರೂ ಹೇಳಿರಲಿಲ್ಲ. ಆದರೂ ಕೊಟ್ಟೆ."

"ಈಗ ಏನಾಯ್ತವ್ವ?"

"ಮೊನ್ನೆ ನನ್ನ ತಮ್ಮ ತೀರಿಕೊಂಡ. ಅಂಗಳದಾಗ ಹೆಣ ಇತ್ತು. ಮಂದಿ ಬಂದ್ರು. ಅವರ ಎದುರು ನಿಂತು ನಕ್ಕೆ. ಬರ್ರಿ, ಕೂಡ್ರಿ, ಇನ್ನೊಂದು ತುತ್ತು ಉಣ್ಣಿ ಅಂದೆ."

ಹಂಪವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಬೇಕಂತ ನಕ್ಕಿದ್ದಲ್ಲರೀ. ಮಂದಿ ಕಂಡ್ರ ಬಾಯಿ ತಾನೇ ಅಗಲ ಆಗ್ತದ. ತಮ್ಮನ ಹೆಂಡತಿ ನನ್ನ ಮಾರಿ ಮ್ಯಾಲೆ ಉಗುಳಿದಳು. ಆವತ್ತಿಂದ ಹಲ್ಲು ಕಚ್ಚಿ ಹಿಡಿದೀನಿ."

"ಒಮ್ಮೆಯಾದರೂ ಅತ್ತಿಯೇನು?"

"ಅದೂ ಬರವಲ್ದು."

ಅವಳು ಹೋದಳು. ಹಿಂದೆಯೇ ಬಂದು ನಿಂತಿದ್ದ ಮರುಳಯ್ಯ ಎಲ್ಲ ಕೇಳಿಸಿಕೊಂಡಿದ್ದ.

"ದುಃಖ ಯಾರಿಗಿಲ್ಲ ಗುರುಗಳೇ? ಬಾಗಿಲ ಹೊರಗೆ ಬಿಟ್ಟು ಬರಬೇಕು. ನಗುವುದಕ್ಕೇನು ಖರ್ಚು?"

"ನೋಡೋಣ," ಎಂದ ಗುರು. "ನಾಳೆ ನೀನೇ ಬಡಿಸು."

ಮರುದಿನ ಗುರು ಪಂಕ್ತಿಯಲ್ಲಿ ಭಕ್ತರ ನಡುವೆ ಕೂತ. ಮರುಳಯ್ಯ ನಗುತ್ತ ಬಂದು ಅನ್ನ ಬಡಿಸಿದ.

"ಅನ್ನ ಸಾಕು. ನಗು ಇನ್ನೊಂದು ಸೌಟು ಹಾಕು," ಎಂದ ಗುರು. ಕೂತವರೆಲ್ಲ ನಕ್ಕರು.

ಮರುಳಯ್ಯ ಇನ್ನಷ್ಟು ಹಲ್ಲು ಬಿಟ್ಟ. ಸಾರಿನ ಸರದಿ ಬರುವಷ್ಟರಲ್ಲಿ ದವಡೆ ಸೆಳೆಯುತ್ತಿತ್ತು. ಗುರುವಿನ ಎದುರು ಬಕೆಟ್ ವಾಲಿತು. ಕುದಿಯುವ ಸಾರು ಮರುಳಯ್ಯನ ಪಾದದ ಮೇಲೆ ಬಿತ್ತು.

"ನಗು ಮರುಳಯ್ಯ."

"ಗುರುಗಳೇ, ಕಾಲು ಸುಟ್ಟಿದೆ."

"ಕಾಲು ನಿನ್ನದು. ಮುಖ ಪಂಕ್ತಿಯದು. ನಗು."

ಅವನು ಪ್ರಯತ್ನಪಟ್ಟ. ತುಟಿ ಬಿಚ್ಚಿತು, ಕಣ್ಣಲ್ಲಿ ನೀರು ಇಳಿಯಿತು. ನಿನ್ನೆ ದೂರಿದ್ದ ಭಕ್ತ ತನ್ನ ಎಲೆಯನ್ನೇ ನೋಡುತ್ತ ಕೂತ. ಈಗ ಯಾರೂ ನಗುತ್ತಿರಲಿಲ್ಲ.

ಗುರು ಎದ್ದು, ಕುಡಿಯಲಿಟ್ಟ ನೀರನ್ನು ಶಿಷ್ಯನ ಪಾದದ ಮೇಲೆ ಸುರಿದ.

"ಹಂಪವ್ವನನ್ನು ಕರೆದು ತರುತ್ತೇನೆ," ಎಂದ ಮರುಳಯ್ಯ. "ಅವಳು ನಗಬೇಕಾಗಿಲ್ಲ. ಕಟ್ಟಳೆ ತೆಗೆದುಬಿಡುತ್ತೇನೆ."

"ನೀನು ತೆಗೆಯುತ್ತೀಯ. ಇವರು ಮತ್ತೆ ನಗು ಕೇಳುತ್ತಾರೆ."

ಗುರು ಪಂಕ್ತಿಯ ಕಡೆಗೆ ತಿರುಗಿದ.

"ಉಣ್ಣುವವರೇ, ನಿಮಗೇ ಹೇಳುತ್ತಿದ್ದೇನೆ. ಬಡಿಸುವವರ ಕೈಯಿಂದ ಅನ್ನ ತೆಗೆದುಕೊಳ್ಳಿ, ಮುಖ ಅವರಿಗೇ ಬಿಡಿ. ಪಕ್ಕದಲ್ಲಿ ಕೂತವನು ನಗು ಕೇಳಿದರೆ, ಎಲೆಯ ಮುಂದಿನಿಂದ ಅವನನ್ನು ಎಬ್ಬಿಸಿ."