ಹೊಳೆ ನಡುವಿನ ತೂರುಬಂಡೆ

ಕಡವಿನಾಳದ ಕೆಳಗೆ ತುಂಗಭದ್ರೆ ಬಲಕ್ಕೆ ಹೊರಳೋ ಜಾಗದಲ್ಲಿ, ಆನೆ ಮಲಗಿದ ಹಾಗೆ ಒಂದು ಕರಿಬಂಡೆ ಇದೆ. ಮಳೆಗಾಲದಲ್ಲಿ ಅದರ ಬೆನ್ನಷ್ಟೇ ಕಾಣುತ್ತೆ. ಬೇಸಿಗೆಯಲ್ಲಿ ಹತ್ತು ಜನ ಕೂತು ಬುತ್ತಿ ಬಿಚ್ಚಿ ಉಣ್ಣಬಹುದು. ಅದರ ಹೆಸರು ತೂರುಬಂಡೆ. ಹೊಸಬರು ಕೇಳಿ ನಗ್ತಾರೆ. ರಾಶಿ ತೂರೋದು ಕಣದಲ್ಲಿ, ಗಾಳಿಗೆ. ಸುತ್ತ ನೀರಿರೋ ಬಂಡೆ ಮೇಲೆ ಯಾರು ಏನು ತೂರಿದರು ಅಂತ. ಊರಿನ ಅಂಬಿಗರು ಮಾತ್ರ ನಗೋದಿಲ್ಲ. ಅಲ್ಲಿ ತೂರಿದ್ದು ನಿಜ, ತೂರಿದವಳು ನಮ್ಮ ಮನೆ ಸೊಸೆ ಅಂತ ಎದೆ ಉಬ್ಬಿಸಿ ಹೇಳ್ತಾರೆ.

ಹಿಂದೆ ಒಮ್ಮೆ, ಹೊಳೆಗೆ ಸೇತುವೆ ಬರೋಕೆ ಬಹಳ ಮೊದಲು, ಆಚೆ ದಡದ ಬಯಲೂರಿನಿಂದ ಬರಮವ್ವ ಅನ್ನೋ ಹುಡುಗಿ ಕಡವಿನಾಳಕ್ಕೆ ಸೊಸೆಯಾಗಿ ಬಂದಳಂತೆ. ಅವಳ ತವರಿನವರೂ ಅಂಬಿಗರೇ. ಆದರೆ ಮುತ್ತಜ್ಜನ ಕಾಲಕ್ಕೇ ಹೊಳೆ ಬಿಟ್ಟು ಜೋಳ ಬಿತ್ತಿಕೊಂಡಿದ್ದರು. ಗಂಡ ಹುಲುಗಪ್ಪ ಬಲೆ ಬೀಸೋದರಲ್ಲಿ ಗಟ್ಟಿ, ಮಾತಿನಲ್ಲಿ ಮೆತ್ತಗೆ. ಮಾವ ಯಂಕೋಬಪ್ಪ ಊರಿಗೇ ಹಿರಿಯ. ಅವನು ಬೆರಳು ಮಾಡಿದ ಮಡುವಿಗೇ ಎಲ್ಲರ ಬಲೆ ಬೀಳಬೇಕು. ಮಡು ಅಂದರೆ ಹೊಳೆಯೊಳಗೆ ಮೀನು ನಿಲ್ಲೋ ಆಳದ ಜಾಗ. ಅಜ್ಜನ ಮಡು, ಎಮ್ಮೆ ಮಡು, ಮಾವಿನ ಮಡು ಅಂತ ಏಳು ಇದ್ದವು. ಏಳರ ಹೆಸರೂ ಅಪ್ಪನಿಂದ ಮಗನಿಗೆ ಬಾಯಿಪಾಠವಾಗಿ ಬಂದಿದ್ದವು. ಬರಮವ್ವ ಹೊಸ್ತಿಲು ತುಳಿದ ತಿಂಗಳಿಗೇ ಮಹಾಪೂರ ಬಂತು. ಮೂರು ಹಗಲು, ಮೂರು ರಾತ್ರಿ ಹೊಳೆ ಮೊರೆಯಿತು. ಇಳಿದಾಗ ಹೊಳೆ ಮಗ್ಗುಲು ಬದಲಿಸಿತ್ತು. ಯಂಕೋಬಪ್ಪ ದಡದ ಮರ, ಗುಡ್ಡ ಗುರುತು ಹಿಡಿದು ಅಜ್ಜನ ಮಡುವಿಗೇ ಬಲೆ ಹಾಕಿಸಿದ. ಮರಳು ಬಂತು. ಎಮ್ಮೆ ಮಡುವಿಗೆ ಹಾಕಿಸಿದ. ಪಾಚಿ ಬಂತು. ಮಡು ಹೋಗಿತ್ತು, ಹೆಸರು ಮಾತ್ರ ಉಳಿದಿತ್ತು. ಅವರು ತಿಂಗಳೊಪ್ಪತ್ತು ಆ ಹೆಸರುಗಳ ಮೇಲೇ ಬಲೆ ಬೀಸಿದರು ಎನ್ನುತ್ತಾರೆ.

ಮೀನು ಕೊಟ್ಟು ಜೋಳ ತರೋ ಊರು ಅದು. ಮೀನಿಲ್ಲದೆ ಒಲೆಗಳು ತಣ್ಣಗಾದವು. ಹಸಿದ ಊರಿಗೆ ಬೈಯೋಕೆ ಒಬ್ಬರು ಬೇಕಲ್ಲ, ಸೊಸೆಯ ಕಾಲ್ಗುಣ ಸಿಕ್ಕಿತು. "ಒಣನೆಲದ ಕಾಲು ಹೊಳೀಗೆ ಬಿತ್ತು, ಹೊಳಿ ಒಣಗದೆ ಇರತೈತೇನು" ಅಂತ ನೀರಿಗೆ ಬಂದವರೆಲ್ಲ ಅವಳಿಗೆ ಕೇಳೋ ಹಾಗೇ ಅಂದರು. ಹಿರಿಯರು ಕಟ್ಟೆ ಮೇಲೆ ಕೂತು, ಅಮಾವಾಸ್ಯೆ ಕಳೆದ ಮರುದಿನ ಅವಳನ್ನು ತವರಿಗೆ ಬಿಟ್ಟು ಬರಬೇಕು ಅಂತ ತೀರ್ಮಾನ ಮಾಡಿದರು. ಹುಲುಗಪ್ಪ ತಲೆ ತಗ್ಗಿಸಿ ಬಲೆಯ ಹರಕು ಹೊಲಿಯುತ್ತಾ ಕೂತ. ಉಳಿದದ್ದು ಆರು ದಿನ.

ಬರಮವ್ವ ಅಳಲಿಲ್ಲ. ಪಾತ್ರೆ ತೊಳೆಯೋ ನೆಪ ಮಾಡಿ, ಮೊಣಕಾಲು ನೀರಿನಲ್ಲಿ ನಡೆದು ಬಂಡೆ ಹತ್ತಿ ಕೂತಳು. ನೀರು ಎಲ್ಲಾ ಒಂದೇ ಥರ ಕಂಡಿತು. ಅವಳ ಅಪ್ಪ ಕಣದಲ್ಲಿ ಒಂದು ಮಾತು ಹೇಳುತ್ತಿದ್ದ: ಗಾಳಿ ಕಣ್ಣಿಗೆ ಕಾಣಲ್ಲ ಮಗಳೇ, ಹೊಟ್ಟು ತೂರಿದರೆ ಕಾಣುತ್ತೆ. ಮರುದಿನ ಅವಳು ತವರಿನಿಂದ ಬಂದಿದ್ದ ಜೋಳದ ಹೊಟ್ಟನ್ನು ಮೊರದ ತುಂಬ ತಂದು ನೀರಿಗೆ ತೂರಿದಳು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರಿಗೆ ನಗು ತಡೆಯಲಿಲ್ಲ. "ಏ ಬರಮಿ, ಹೊಳ್ಯಾಗ ಏನು ಬಿತ್ತಾಕ ಹತ್ತೀ? ಕೊಯ್ಲಿಗೆ ನಮ್ಮನ್ನೂ ಕರಿಯವಾ!" ಅವಳು ತಿರುಗಿ ನೋಡಲಿಲ್ಲ. ನೀರಿನ ಮೇಲೆ ಹೊಟ್ಟು ದಾರಿಗಳಾಗಿ ಒಡೆದಿತ್ತು. ಒಂದು ಕಡೆ ಓಡುತ್ತಿತ್ತು, ಒಂದು ಕಡೆ ತೆವಳುತ್ತಿತ್ತು, ದಡದ ಕೊರಕಲಿನಲ್ಲಿ ಸುಮ್ಮನೆ ನಿಂತೇಬಿಟ್ಟಿತ್ತು. ನಿಂತ ನೀರಿನಲ್ಲೇ ಮೀನು ನಿಲ್ಲುತ್ತೆ ಅಂದುಕೊಂಡು ಗಂಡನನ್ನು ಕಾಡಿ ಬೇಡಿ ಅಲ್ಲಿ ಬಲೆ ಬೀಸಿಸಿದಳು. ಕೊಳೆತ ಎಲೆ ಬಂತು, ಒಂದು ಏಡಿ ಬಂತು. "ಏಡಿ ಸಾರು ಮಾಡವಾ, ಊರಿಗೆಲ್ಲ ಉಣಿಸು" ಅಂದಳು ಅತ್ತೆ.

ಐದನೇ ದಿನ ಮತ್ತೆ ಹೊಟ್ಟು ತೂರುತ್ತಾ ಇದ್ದಾಗ ತವರಿನ ಕೋಳಿಗಳು ನೆನಪಾದವು. ರಾಶಿ ತೂರೋವಾಗ ಅವು ಗಾಳಿಯ ನಡುವೆ ನಿಲ್ಲಲ್ಲ, ರೆಕ್ಕೆ ಕಿತ್ತು ಹೋಗುತ್ತೆ. ಗಾಳಿಯೇ ಇಲ್ಲದ ಗೋಡೆ ಹಿಂದೆಯೂ ನಿಲ್ಲಲ್ಲ, ಅಲ್ಲಿ ಕಾಳು ಬೀಳಲ್ಲ. ಗಾಳಿಯ ಅಂಚಿಗೆ ನಿಂತು, ಕತ್ತು ಮಾತ್ರ ಚಾಚಿ ಕಾಳು ಹೆಕ್ಕುತ್ತವೆ. ಮೀನಿಗೂ ಹೊಟ್ಟೆ ಇದೆಯಲ್ಲ! ಅವಳು ಓಡೋ ನೀರೂ ತೆವಳೋ ನೀರೂ ಮೈ ತಾಗಿಸಿ ಹರಿಯೋ ಗೆರೆ ಹುಡುಕಿದಳು. ಬಂಡೆಯ ಕೆಳಮಗ್ಗುಲಲ್ಲಿ, ಎರಡು ಮಾರು ದೂರ, ನೊರೆ ದಾರದ ಹಾಗೆ ಹೋಗುತ್ತಿತ್ತು. ಹೊಟ್ಟು ಅಲ್ಲಿಗೆ ಬಂದು, ನಿಧಾನವಾಗಿ, ಎರಡು ಸುತ್ತು ತಿರುಗಿತು. ಪಳಕ್ ಅಂತ ಒಂದು ಬಾಯಿ ಮೇಲೆ ಬಂದು ಹೋಯಿತು. ಆಮೇಲೆ ಇನ್ನೊಂದು. ಮನೆಗೆ ಓಡಿ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತೆ ಅವಳ ಸೀರೆ ಮಡಚಿ ಗಂಟು ಕಟ್ಟುತ್ತಿದ್ದಳು.

ಮರುದಿನ ಬೆಳಿಗ್ಗೆ ಹರಿಗೋಲು ನೀರಿಗಿಳಿಯಿತು. ಯಂಕೋಬಪ್ಪ ಹುಟ್ಟು ಹಾಕುತ್ತಿದ್ದ, ಹುಲುಗಪ್ಪ ಮೊಣಕಾಲ ಮೇಲೆ ಬಲೆ ಇಟ್ಟುಕೊಂಡು ಕೂತಿದ್ದ, ನಡುವೆ ಬರಮವ್ವ, ಅವಳ ಗಂಟು. ದಡದಲ್ಲಿ ಅರ್ಧ ಊರು ನಿಂತಿತ್ತು. ಹರಿಗೋಲು ಬಂಡೆಯ ಹತ್ತಿರ ಬಂದಾಗ ಅವಳು ಕೈ ಚಾಚಿ ಬಂಡೆಯ ಅಂಚು ಹಿಡಿದುಕೊಂಡಳು.

"ಒಂದೇ ಬೀಸು ಬೀಸಿಸ್ರಿ ಮಾವ. ಆಮೇಲೆ ಬಿಟ್ಟು ಬರ್ರಿ, ನಾನು ತುಟಿ ಬಿಚ್ಚಂಗಿಲ್ಲ."

"ಎಲ್ಲಿ, ಅಲ್ಲೇನು? ಅದಕ್ಕ ಹೆಸರ ಇಲ್ಲ. ಹೆಸರಿಲ್ಲದ ನೀರಿಗೆ ನಮ್ಮಪ್ಪ ಬಲಿ ಬೀಸಿಲ್ಲ, ನಮ್ಮಜ್ಜ ಬೀಸಿಲ್ಲ."

"ಹೆಸರು ನಿಮಗ ಗೊತ್ತೈತ್ರಿ ಮಾವ. ಮೀನಿಗೆ ಗೊತ್ತಿಲ್ಲ."

ಯಂಕೋಬಪ್ಪನ ಮುಖ ಕೆಂಪಾಯಿತು. ಅವಳು ಅಷ್ಟರಲ್ಲಿ ಬಂಡೆ ಹತ್ತಿ, ಸೆರಗಿನಲ್ಲಿದ್ದ ಹೊಟ್ಟನ್ನು ತೂರಿಯಾಗಿತ್ತು. ಹೊಟ್ಟು ಓಡಿತು, ಗೆರೆಗೆ ಬಂತು, ತಿರುಗಿತು. ಮದುವೆಯಾದಾಗಿನಿಂದ ಅಪ್ಪನೆದುರು ತಲೆ ಎತ್ತದ ಹುಲುಗಪ್ಪ ಎದ್ದು ನಿಂತ. "ಅಪ್ಪಾ, ಹರಿಗೋಲು ಬಿಗಿ ಹಿಡಿ" ಅಂದ. ಬಲೆ ಬಿಚ್ಚಿಕೊಂಡು ಗುಂಡಗೆ ಬಿತ್ತು. ಎಳೆದಾಗ ಬರಲಿಲ್ಲ. ಕಲ್ಲಿಗೆ ಸಿಕ್ಕಿತು ಅಂತ ಮುದುಕ ಗೊಣಗಿದ. ಆ ಕಲ್ಲು ಒದ್ದಾಡಿತು. ಅಪ್ಪ ಮಗ ಇಬ್ಬರೂ ಸೇರಿ ಎಳೆದರು, ಹರಿಗೋಲು ವಾಲಿತು, ತೊಡೆ ಗಾತ್ರದ ಬಾಳೆಮೀನುಗಳು ಒಳಗೆ ಬಿದ್ದು ಬಾಲ ಬಡಿದವು. ಯಂಕೋಬಪ್ಪ ಬಲೆ ತಾನೇ ಇಸಿದುಕೊಂಡು ಇನ್ನೊಮ್ಮೆ ಬೀಸಿದ. ಮತ್ತೆ ತುಂಬಿತು. ಅವನು ಸೊಸೆಯ ಮುಖ ನೋಡಲಿಲ್ಲ, ನೀರನ್ನೇ ನೋಡಿದ. ಆಮೇಲೆ ಅಂದ:

"ಗಂಟು ಬಿಚ್ಚವಾ. ಮೀನು ಕಟ್ಟಾಕ ಬಟ್ಟಿ ಬೇಕು."

ತವರಿಗೆ ಹೊರಟಿದ್ದ ಸೀರೆಯಲ್ಲಿ ಮೀನು ಕಟ್ಟಿಕೊಂಡು ಹರಿಗೋಲು ಹಿಂದಕ್ಕೆ ತಿರುಗಿತು. ಆ ದಿನ ಊರಿನ ಎಲ್ಲ ಒಲೆಯೂ ಹೊಗೆಯಾಡಿತು, ಏಡಿ ಸಾರಿನ ಮಾತಾಡಿದ್ದ ಅತ್ತೆಯೇ ಸೊಸೆಗೆ ಮೊದಲ ತುಂಡು ಬಡಿಸಿದಳು ಎನ್ನುತ್ತಾರೆ.

ಈಗಲೂ ನೆರೆ ಇಳಿದು ನೀರು ತಿಳಿಯಾದ ಮೇಲೆ, ಮೊದಲ ಬಲೆ ಬೀಳೋ ದಿನ ಹೋದರೆ ನೋಡಬಹುದು. ಗಂಡಸರು ಹರಿಗೋಲುಗಳಲ್ಲಿ ಸುಮ್ಮನೆ ಕಾಯುತ್ತಾರೆ, ಎಪ್ಪತ್ತು ದಾಟಿದವರೂ. ಆ ವರ್ಷ ಊರಿಗೆ ಬಂದ ಸೊಸೆ ಬಂಡೆ ಮೇಲೆ ನಿಂತು ಹೊಟ್ಟು ತೂರಿ, ನೋಡಿ, ಬೆರಳು ಮಾಡಬೇಕು. ಅವಳು ಎಷ್ಟು ಹೊತ್ತು ನೋಡಿದರೂ ಯಾರೂ ಅವಸರ ಮಾಡಲ್ಲ. ಅವಳು ತೋರಿಸಿದ ಆ ಮಡುವಿನ ಹೆಸರೇನು ಅಂತ ನೋಡೋಕೆ ಬಂದವರು ಕೇಳ್ತಾರೆ. ಹೆಸರಿಟ್ಟಿಲ್ಲ ಅಂತಾರೆ ಅಂಬಿಗರು, "ಈ ವರ್ಷ ಅಲ್ಲೈತಿ, ನೋಡ್ರಿ" ಅಂತ ನೊರೆಯ ಗೆರೆ ಕಡೆ ಕೈ ತೋರಿಸ್ತಾರೆ.